ಕಟ್ಟೆಗೆ ಅಂಟಿದ ಯಜಮಾನರ ಕುರಿತು ಕಡಲ ಸ್ಪಂಜಿನವರಿಗೆ

ಸಮುದ್ರದ ತಳದ ಬಂಡೆಯೇ ಖಾಯಂ ವಿಳಾಸವಾಗಿರುವ ಮಾನ್ಯ ಸ್ಪಂಜಿನವರ ಸನ್ನಿಧಾನಕ್ಕೆ, ಸಮುದ್ರವನ್ನೇ ಕಾಣದ ಉಜ್ಜಿನಿಯಿಂದ ಕುರಿ ಸಾಕುವ ಮನೆಯ ಭರಮಮ್ಮ ಮಾಡುವ ಶರಣು. ಇಲ್ಲಿ ಕುರಿಗಳೆಲ್ಲ ಕ್ಷೇಮ. ತಮ್ಮ ಕ್ಷೇಮ ಕೇಳುವ ಅಗತ್ಯವಿಲ್ಲ. ಓಡಾಡುವವರಿಗೆ ತಾನೇ ಎಡವುವ ಭಯ.

ಮಾನ್ಯರೇ, ಈ ವರ್ಷ, ಅಂದರೆ ೧೯೭೯ರಲ್ಲಿ, ಕೊಟ್ಟೂರಿನ ಹೈಸ್ಕೂಲೊಂದರ ವಿಜ್ಞಾನ ಪ್ರದರ್ಶನಕ್ಕೆ ಹೋದ ನಮ್ಮ ಯಜಮಾನರು ಗಾಜಿನ ಭರಣಿಯಲ್ಲಿ ತಮ್ಮ ದರ್ಶನ ಪಡೆದರು. ತಮಗೆ ಕಾಲಿಲ್ಲ, ಬಾಯಿಲ್ಲ, ಹೊಟ್ಟೆಯಿಲ್ಲ, ಮಿದುಳಂತೂ ಇಲ್ಲವೇ ಇಲ್ಲ, ಆದರೂ ಒಂದೇ ಕಲ್ಲಿಗೆ ಅಂಟಿಕೊಂಡು ವರ್ಷಗಟ್ಟಲೆ ಬಾಳುತ್ತೀರಿ, ಆಹಾರ ನೀರಿನೊಂದಿಗೆ ಇದ್ದಲ್ಲಿಗೇ ಬರುತ್ತದೆ ಎಂದು ಮೇಷ್ಟ್ರು ವಿವರಿಸಿದರಂತೆ. ಈ ಅರ್ಹತೆಗಳಲ್ಲಿ ಕೊನೆಯದು ತಮ್ಮಲ್ಲೂ ಇದೆಯೆಂದು ಮನಗಂಡ ಯಜಮಾನರು ಊರಿಗೆ ಬಂದವರೇ ಬೇವಿನ ಮರದ ಕಟ್ಟೆ ಏರಿ, "ಇನ್ನ ನಾ ಇಲ್ಲಿಂದ ಅಲುಗಾಂಗಿಲ್ಲ ನೋಡು, ಬರೋದು ಇಲ್ಲಿಗೇ ಬರತೈತಿ" ಎಂದು ಕುಳಿತುಬಿಟ್ಟರು.

ಮಾಗಳದ ಎರ್ರೆಪ್ಪನವರ ಹೊಲದಲ್ಲಿ ರಾತ್ರಿ ಹೊತ್ತು ಕುರಿ ತರುಬುತ್ತೇವೆಂದು ನಾವು ಮಾತು ಕೊಟ್ಟಿದ್ದೆವು. ಬಿತ್ತನೆಗೆ ಮುಂಚೆ ಹಿಂಡು ಅಲ್ಲಿ ಮಲಗೆದ್ದರೆ ಅವರ ನೆಲಕ್ಕೆ ಗೊಬ್ಬರ, ನಮಗೆ ವರ್ಷದ ಜೋಳ. ತಡವಾದರೆ ಹೊಲವೂ ಜೋಳವೂ ಬೇರೆ ಹಿಂಡಿನವರ ಪಾಲು. ನನಗೆ ಹೊಟ್ಟೆ ಉರಿಯಿತು, ಮಾನ್ಯರೇ. ಹೊಟ್ಟೆಯೇ ಇಲ್ಲದ ತಮಗೆ ಆ ಕಷ್ಟ ತಿಳಿಯಲಾರದು.

ಮೇಷ್ಟ್ರನ್ನು ನಾನೇ ಹೋಗಿ ವಿಚಾರಿಸಿದೆ. ತಾವು ಮೈತುಂಬ ಇರುವ ಸಣ್ಣ ರಂಧ್ರಗಳಿಂದ ಹಗಲೂ ರಾತ್ರಿ ನೀರೆಳೆದು, ಸೋಸಿ, ಮೇಲಿನ ತೂತಿನಿಂದ ಹೊರಗೆ ಹಾಕುತ್ತಲೇ ಇರುತ್ತೀರಂತೆ. ಕೂತಲ್ಲೇ ಇಷ್ಟು ದುಡಿಯುವ ಗಂಡಸರನ್ನು ನಮ್ಮ ಓಣಿಯಲ್ಲಿ ನಾನು ಕಂಡಿಲ್ಲ. ನಮ್ಮವರು ಎಳೆದುಕೊಳ್ಳುವುದು ಬೀಡಿ ಹೊಗೆ ಮಾತ್ರ. ರೊಟ್ಟಿಯನ್ನು ಕಟ್ಟೆಗೆ ಹರಿಸುವುದು ನನ್ನ ಕೈ. ಆದ್ದರಿಂದ ತಾವು ಬಂಡೆಸಮೇತ ಹೊರಟು, ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ನಮ್ಮ ಕಟ್ಟೆಗೆ ದಯಮಾಡಿಸಿ, ದುಡಿಮೆಯ ಬಗ್ಗೆ ಇವರಿಗೆ ನಾಲ್ಕು ಮಾತು ಹೇಳಬೇಕೆಂದು ಪ್ರಾರ್ಥನೆ. ಬಾಯಿಲ್ಲವೆಂಬ ನೆಪ ಹೇಳಬಾರದು.

ಇಷ್ಟು ಬರೆದ ಮೇಲೆ ತಮ್ಮ ದಾರಿ ಕಾಯುವ ತಾಳ್ಮೆ ಉಳಿಯಲಿಲ್ಲ. ಪತ್ರ ಬದಿಗಿಟ್ಟು, ಹಿಂಡನ್ನು ತಂದು ಕಟ್ಟೆಯ ಸುತ್ತಲೇ ತರುಬಿ ಬೇಲಿಯಂತೆ ಬಲೆ ಕಟ್ಟಿದೆ. ಬೆಳಗಾಗುವಷ್ಟರಲ್ಲಿ ಬರಬೇಕಾದದ್ದೆಲ್ಲ ಯಜಮಾನರು ಕೂತಲ್ಲಿಗೇ ಬಂದಿತ್ತು: ಹಿಕ್ಕೆ, ಉಚ್ಚೆ, ಉಣ್ಣಿ, ಬೆನ್ನಿಗೊಂದು ಟಗರಿನ ಗುದ್ದು. "ಲೇ ಭರಮಿ, ಬಲಿ ಬಿಚ್ಚು, ಮಾಗಳಕ್ಕ ಹೋಗೋಣು!" ಎಂದು ಅವರು ಕೂಗಿದ್ದು ಊರಿಗೆಲ್ಲ ಕೇಳಿಸಿತು.

ಈಗ ಮಾಗಳದಿಂದ ಪತ್ರ ಮುಗಿಸುತ್ತಿದ್ದೇನೆ. ಹೊಲ ನಮಗೇ ದಕ್ಕಿತು. ದಾರಿಯುದ್ದಕ್ಕೂ ಯಜಮಾನರು ನನ್ನ ತಲೆಯ ಮೇಲಿನ ಗಂಟನ್ನು ತಾವೇ ಇಸಿದುಕೊಂಡು ಹೊತ್ತರು. ಸುಳ್ಳೇಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು. ಇನ್ನು ತಾವು ಬರುವ ಶ್ರಮ ತೆಗೆದುಕೊಳ್ಳಬೇಡಿ.

ಇಂತಿ, ನಿಂತಲ್ಲಿ ನಿಲ್ಲದ
ತಮ್ಮ ವಿಶ್ವಾಸಿ,
ಭರಮಮ್ಮ

ತಾ.ಕ.: ತಮ್ಮನ್ನು ತುಂಡು ಮಾಡಿದರೆ ಆ ತುಂಡೂ ಇನ್ನೊಂದು ಸ್ಪಂಜಾಗಿ ಬೆಳೆಯುತ್ತದೆಂದು ಮೇಷ್ಟ್ರು ಹೇಳಿದಾಗ ನಾನು ನಂಬಿರಲಿಲ್ಲ. ಊರಿನಿಂದ ಸುದ್ದಿ ಬಂದಿದೆ: ಯಜಮಾನರು ಎದ್ದ ಜಾಗದಲ್ಲಿ ಈಗ ನನ್ನ ಮೈದುನ ಕೂತಿದ್ದಾನಂತೆ.