ಬೀಳಲೊಲ್ಲದ ಕೋಟೆ

ಕೆಲವರ ಮನೆಗೆ ಬೀಗರು ಹೇಳದೆ ಕೇಳದೆ ಬರುತ್ತಾರೆ. ನನ್ನ ಬಾಳಿಗೆ ನಗೆಪಾಟಲು ಹಾಗೇ ಬರುತ್ತದೆ, ಬಂದರೆ ನಾಲ್ಕು ದಿನ ಇದ್ದೇ ಹೋಗುತ್ತದೆ. ಶಹಾಪುರದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಅಷ್ಟೂ ವರ್ಷ ಇದೇ ಪಾಡು. ಅದರಲ್ಲಿ ನಾವು ಮಕ್ಕಳಿಗಾಗಿ ಕೋಟೆಯ ಪುಸ್ತಕ ಮಾಡಿದ ವರ್ಷವಂತೂ ಬೀಗರು ಗಾಡಿ ಕಟ್ಟಿಕೊಂಡೇ ಬಂದರು.

ನಿಜಾಮನ ರಾಜ್ಯ ಹೋಗಿ, ಹೈದರಾಬಾದೂ ಬಿಟ್ಟು, ನಾವು ಹೊಸ ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಕಷ್ಟಕ್ಕೆ ಬಿದ್ದವರು ಇತಿಹಾಸದ ಮಾಸ್ತರ್ರು. ಅವರದು ಮನೆಯಲ್ಲಿ ದಖನಿ, ಬಜಾರಿನಲ್ಲಿ ಕನ್ನಡ, ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಉರ್ದು. ಈಗ ನಲವತ್ತೈದನೆಯ ವಯಸ್ಸಿನಲ್ಲಿ ಮಗಳ ಪಾಟಿ ಹಿಡಿದು ಅಆಇಈ ತೀಡಿದ್ದರು. ಕನ್ನಡದಲ್ಲಿ ಪಾಠ ಹೇಳಲಾಗದವರನ್ನು ಗುಲಬರ್ಗಾದ ದಫ್ತರಕ್ಕೆ ಹಳೆ ಕಾಗದ ನಕಲು ಮಾಡಲು ಕಳಿಸುತ್ತಾರೆಂದು ಸುದ್ದಿ. ಧಾರವಾಡ ಕಡೆಯ ಒಬ್ಬ ಸಾಹೇಬರು ತಪಾಸಣೆಗೆ ಬರುವವರಿದ್ದರು.

"ಹುಡುಗರ ಮುಂದ ನಿಲ್ಲಲಿಲ್ಲಂದ್ರ ನಾ ಬದುಕಂಗಿಲ್ಲ ಮಾರಾಯ," ಎಂದರು ನನ್ನ ಹತ್ತಿರ. "ಒಂದು ಪುಸ್ತಕ ಬರೀತೀನಿ, ಕನ್ನಡದಾಗ. ಹಿಂದಿನ ಕಾಲದಾಗ ಕೋಟಿಯೊಳಗ ಮಂದಿ ಹೆಂಗ ಇದ್ರು, ಏನು ಉಂಡ್ರು, ಹೆಂಗ ಕಾದಿದ್ರು ಅಂತ. ನಾನು ಎರಡೆರಡು ಸಾಲು ಬರೀತೀನಿ, ನೀ ಚಿತ್ರ ತಗಿ. ಸಾಹೇಬ್ರ ಕೈಯಾಗ ಇಡೋಣ."

ಒಳ್ಳೆಯ ಮನುಷ್ಯ. ಇದ್ದದ್ದು ಒಂದೇ ದುರ್ಗುಣ: ಸುಳ್ಳು ಹೇಳುತ್ತಿರಲಿಲ್ಲ.

ಆರತಿಗೆ ತಕ್ಕ ವೈರಿ

ನಾನು ಸುರಪುರದ ಚಿತ್ರಗಾರರ ಮನೆಯವನು. ಅಜ್ಜ, ಅಪ್ಪ ಎಲ್ಲ ಬಂಗಾರದ ಹಾಳೆ ಅಂಟಿಸಿ ದೇವರ ಪಟ ಬರೆದವರು. ನನ್ನ ಕೈಗೆ ಬಂದದ್ದೂ ಅದೊಂದೇ ಮುಖ: ಕಿವಿಯ ತನಕ ಕಣ್ಣು, ತುಟಿಯ ಮೇಲೆ ಕಿರುನಗೆ. ಹೀಗಾಗಿ ನಮ್ಮ ಪುಸ್ತಕದಲ್ಲಿ ರಾಜನೂ ದೇವರಾದ, ಮಂತ್ರಿಯೂ ದೇವರಾದ, ಕುದುರೆಗೆ ಹುಲ್ಲು ಹಾಕುವವನೂ ದೇವರಾದ. ಅಲ್ಲಿಯವರೆಗೆ ಯಾರೂ ತಕರಾರು ತೆಗೆಯಲಿಲ್ಲ.

ಕೋಟೆಗೆ ಮುತ್ತಿಗೆ ಹಾಕುವ ವೈರಿ ಸರದಾರನನ್ನು ಬರೆದು, ಒಣಗಲೆಂದು ಶಾಲೆಯ ಗೋಡೆಗೆ ಆನಿಸಿಟ್ಟು ಹೋಗಿದ್ದೆ. ಮುಂಜಾನೆ ಬಂದು ನೋಡಿದರೆ ಅವನ ಮುಂದೆ ಎರಡು ಊದಿನಕಡ್ಡಿ ಹೊಗೆಯಾಡುತ್ತಿವೆ, ಒಂದು ದಾಸವಾಳವೂ ಇದೆ. ಶಾಲೆಯ ಚಪರಾಸಿ ಕೈಮುಗಿದು ನಿಂತಿದ್ದಾನೆ.

ಇತಿಹಾಸದ ಮಾಸ್ತರ್ರು ತಲೆ ಚಚ್ಚಿಕೊಂಡರು. "ಇವನ್ನ ನೋಡಿದ್ರ ನಮ್ಮ ಸಿಪಾಯಿಗೋಳು ಲಡಾಯಿ ಮಾಡ್ತಾರೇನು? ಅವರೇ ಬಾಗಲಾ ತಗದು ಆರತಿ ತರ್ತಾರ. ನೋಡಿದ್ರ ಅಂಜಿಕಿ ಬರ್ಬೇಕೋ."

ನಾನು ಅವನ ಕಣ್ಣು ಕೆಂಪು ಮಾಡಿದೆ, ಕಿರುನಗೆಯ ಮೇಲೆ ಗಿರಿಜಾ ಮೀಸೆ ಎಳೆದೆ. ಮರುದಿನ ಬಂದರೆ ಊದಿನಕಡ್ಡಿಯ ಜೊತೆಗೆ ಕಾಯಿಯೂ ಒಡೆದಿತ್ತು.

ಚಪರಾಸಿ ಹೇಳಿದ: "ನಿನ್ನಿ ಯಾವ ದೇವ್ರಂತ ತಿಳಿದಿದ್ದಿಲ್ರಿ ಮಾಸ್ತರ್ರ. ಮೀಸಿ ಬಂದ ಮ್ಯಾಲ ಗೊತ್ತಾತು. ನಮ್ಮ ಮನಿದೇವ್ರ, ವೀರಭದ್ರ."

ರಾಣಿಯ ಅಡುಗೆಮನೆ

ರಾಣಿಯ ಚಿತ್ರಕ್ಕೆ ಎದುರಿಗೆ ಯಾರಾದರೂ ಕೂರಬೇಕಿತ್ತು. ಊರಲ್ಲಿ ಯಾರ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೂ ನನ್ನ ಕೈ ಕಾಲು ಉಳಿಯುತ್ತಿರಲಿಲ್ಲ. ಕೊನೆಗೆ ನನ್ನ ಹೆಂಡತಿಯನ್ನೇ ಕೇಳಿದೆ. "ರಾಣಿ ಆಗಾಕ ಒಲ್ಲೆ ಅಂತ ಯಾರರ ಅಂತಾರೇನು," ಎಂದು ಇಳಕಲ್ ಸೀರೆ ಉಟ್ಟು, ಬೋರಮಾಳ ಹಾಕಿ ಕೂತಳು. ಕೂತದ್ದು ಎಷ್ಟು ಹೊತ್ತು? ಒಲೆಯ ಮೇಲೆ ಬೇಳೆ ಉಕ್ಕಿತು, ಎದ್ದಳು. ಪಕ್ಕದ ಮನೆಯವರು ಮಜ್ಜಿಗೆಗೆ ಬಂದರು, ಎದ್ದಳು. ಬೆಕ್ಕು ಬಂತು, ಅದಕ್ಕೂ ಎದ್ದಳು. ಸಿಂಹಾಸನದಲ್ಲಿ ಅವಳು ಕೂತದ್ದಕ್ಕಿಂತ ಸಿಂಹಾಸನ ಖಾಲಿ ಇದ್ದದ್ದೇ ಹೆಚ್ಚು. ಕಡೆಗೆ ಅವಳು ಅಲುಗದೆ ಕೂರುವ ಜಾಗ ಒಂದೇ ಎಂದು ತಿಳಿದು, ಒಲೆಯ ಮುಂದೆ ರೊಟ್ಟಿ ಬಡಿಯುವಾಗಲೇ ಬರೆದೆ.

ಚಿತ್ರ ನೋಡಿದ ಇತಿಹಾಸದ ಮಾಸ್ತರ್ರು ಮನೆಗೇ ಬಂದರು. "ಭಾಭಿ, ಇದು ಖರೇ ಅಲ್ರಿ. ರಾಣಿ ಎಲ್ಲ್ಯಾದ್ರೂ ರೊಟ್ಟಿ ಬಡೀತಾಳೇನು? ಆಕಿಗಿ ನೂರು ಮಂದಿ ದಾಸಿಯರಿದ್ರು."

"ಇರ್ಲಿ ಬಿಡ್ರಿ ಮಾಸ್ತರ್ರ," ಎಂದಳು ನನ್ನವಳು, ಕೈ ನಿಲ್ಲಿಸದೆ. "ಆ ನೂರು ಮಂದಿ ಬಡಿದ ರೊಟ್ಟಿ ರಾಜಾಗ ಸೇರಬೇಕಲ್ರಿ? ನಿಮಗ ಈ ಭಾಭಿ ಕೈ ರೊಟ್ಟಿ ಬಿಟ್ಟು ಬ್ಯಾರೆದವ್ರದು ಸೇರ್ತದೇನು?"

ಸುಳ್ಳು ಹೇಳದ ಮನುಷ್ಯ ಜೇಬಿನಿಂದ ಪೆನ್ಸಿಲ್ ತೆಗೆದರು. ಆಮೇಲೆ ಚಿತ್ರದ ಕೆಳಗೆ ತಾವೇ ಬರೆದರು: 'ರಾಣಿ ಬಿಸಿ ರೊಟ್ಟಿ ಬಡಿದಳು. ಎಲ್ಲರೂ ಹೊಟ್ಟೆ ತುಂಬ ಉಂಡರು.' ಬರೆದು, ಪುಂಡಿಪಲ್ಯದ ಜೊತೆ ಮೂರು ರೊಟ್ಟಿ ಉಂಡು ಹೋದರು.

ಬಾವಿ ಈ ಕಡೆ, ಮಾವ ಆ ಕಡೆ

ಗೋಡೆ ಎಷ್ಟು ದಪ್ಪ, ಬುರುಜು ಎಷ್ಟು ಎತ್ತರ ಎಂದು ಕಣ್ಣಾರೆ ನೋಡದೆ ಬರೆಯುವುದು ಹರಾಮು ಎಂದರು ಮಾಸ್ತರ್ರು. ಇಬ್ಬರೂ ಬಸ್ಸು ಹಿಡಿದು ಯಾದಗಿರಿಗೆ ಹೋಗಿ ಗುಡ್ಡ ಹತ್ತಿದೆವು. ನನ್ನ ಬಗಲಲ್ಲಿ ಹಾಳೆಯ ಸುರುಳಿ, ಅವರ ಕೈಯಲ್ಲಿ ಅಳತೆಯ ಟೇಪು. ಅವರು ಟೇಪು ಹಿಡಿದು ಗೋಡೆ ಅಳೆದು ಕೂಗುವುದು, ನಾನು ಬರೆದುಕೊಳ್ಳುವುದು.

ಇಳಿದು ಬಂದರೆ ಕೆಳಗೆ ಇಪ್ಪತ್ತು ಮೂವತ್ತು ಜನ ಕೂಡಿದ್ದಾರೆ. ಆಗ ರಾಜ್ಯಗಳ ಗಡಿಯ ಮಾತು ಇನ್ನೂ ಬಾಯಿಯಿಂದ ಬಾಯಿಗೆ ಓಡಾಡುತ್ತಿದ್ದ ಕಾಲ. ಟೇಪು ಹಿಡಿದವರು ಸರಕಾರದವರೇ, ಗಡಿ ಎಳೆಯಲು ಬಂದವರೇ ಎಂದು ಅವರ ನಂಬಿಕೆ. ಒಬ್ಬ ಛತ್ರಿ ಹಿಡಿದ, ಒಬ್ಬ ಚಹಾ ತಂದ.

ಇತಿಹಾಸದ ಮಾಸ್ತರ್ರು, "ಇಲ್ರಪ್ಪ, ನಾವು ಸಾಲಿ ಮಾಸ್ತರ್ರು, ಕೋಟಿ ಅಳ್ಯಾಕ ಬಂದೀವಿ," ಎಂದು ಖರೇ ಮಾತೇ ಹೇಳಿದರು. ಖರೇ ಮಾತನ್ನು ನಂಬುವವರು ಎಲ್ಲಿದ್ದಾರೆ? ಗುರುಮಠಕಲ್ ಕಡೆಯ ಒಬ್ಬ ಮುದುಕ ನನ್ನನ್ನು ಬೇವಿನ ಮರದ ಹಿಂದೆ ಕರೆದೊಯ್ದು ಕಿವಿಯಲ್ಲಿ ಹೇಳಿದ:

"ಅಯ್ಯಾ, ಗೆರಿ ಎಳಿಯಾಗ ನಮ್ಮ ಹೊಲದ ಹತ್ರ ಸ್ವಲ್ಪ ನೋಡಿ ಎಳೀರಿ. ಬಾವಿ ಈ ಕಡಿ ಬರ್ಲಿ. ನಮ್ಮ ಮಾವನ ಮನಿ ಆ ಕಡಿ ಹೋಗ್ಲಿ."

ಕೀಲಿಕೈ ಯಾರ ಕೈಯಲ್ಲಿತ್ತು

ಬರೆದದ್ದೆಲ್ಲ ಮುಗಿದ ಮೇಲೆ ಇತಿಹಾಸದ ಮಾಸ್ತರ್ರು ಅದನ್ನು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಓದಿ ತೋರಿಸಿದರು. ರಾಜ ತೊಟ್ಟಿಲಲ್ಲಿದ್ದಾಗಿನಿಂದ ಹಿಡಿದು ಮದುವೆಯ ತನಕ ಮಕ್ಕಳು ಬಾಯಿ ತೆರೆದು ಕೇಳಿದರು. ಆಮೇಲೆ ವೈರಿ ಬಂದ, ಆರು ತಿಂಗಳು ಮುತ್ತಿಗೆ ಹಾಕಿದ, ಕಾವಲುಗಾರನೊಬ್ಬ ಆಸೆಗೆ ಬಿದ್ದು ಬಾಗಿಲು ತೆರೆದ, ರಾಜ ಮಡಿದ, ಕೋಟೆ ಬಿತ್ತು. ಇಡೀ ಕ್ಲಾಸು ಹೋ ಎಂದು ಅಳಲು ಶುರು ಮಾಡಿತು.

ಗಾಣಿಗರ ಮನೆಯ ಹುಡುಗಿ ಒಬ್ಬಳು ಅಳಲಿಲ್ಲ. ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಸರ್, ಅಂಥಾವನ ಕೈಯಾಗ ಕೀಲಿಕೈ ಯಾಕ ಕೊಟ್ರಿ?"

"ನಾ ಕೊಟ್ಟಿಲ್ಲವ್ವ," ಎಂದರು ಮಾಸ್ತರ್ರು. "ಖುದಾ ಕಸಂ, ನಾ ಕೊಟ್ಟಿಲ್ಲ."

ಅಳು ಕೇಳಿ ಹೆಡ್ ಮಾಸ್ತರ್ರು ಓಡಿ ಬಂದರು. ವಿಷಯ ತಿಳಿದು ಕೈ ಹಿಡಿದು ಬೇಡಿಕೊಂಡರು. "ಮಾಸ್ತರ್ರ, ಸಾಹೇಬ್ರು ಬಂದ ದಿನ ಮಕ್ಕಳು ಹಿಂಗ ಅತ್ರ ನಿಮ್ಮ ಗತಿ ಗುಲಬರ್ಗಾನೇ. ಕೊನಿಗಿ ರಾಜಾನ ಉಳಸ್ರಿ. ನಿಮ್ಮ ಗಂಟೇನು ಹೋಗ್ತದ?"

"ಕೋಟಿ ಬಿದ್ದದ್ದು ಖರೇ ಅದ್ರಿ. ನಾ ಹೆಂಗ ನಿಲ್ಲಸ್ಲಿ?"

"ನೌಕರಿ ಉಳಸ್ಕೊಳ್ರಿ."

"ಗುಲಬರ್ಗಾಕ್ಕ ಹೋಗ್ತೀನಿ. ಸುಳ್ಳು ಬರ್ಯಂಗಿಲ್ಲ."

ನನಗೆ ಸಿಟ್ಟು ಬಂತು. ಆ ಮನುಷ್ಯ ಇಲ್ಲದ ಶಾಲೆಯನ್ನು ನೆನೆಯಲೂ ಆಗುತ್ತಿರಲಿಲ್ಲ. ಸಂಜೆ ಹಾಳೆಗಳನ್ನು ಎತ್ತಿಡಲು ಹೋದರೆ, ಕೋಟೆಯ ಬಾಗಿಲಿನ ಚಿತ್ರದ ಮೇಲೆ ಯಾರೋ ನನ್ನದೇ ಕುಂಚ, ನನ್ನದೇ ಮಸಿ ತೆಗೆದುಕೊಂಡು ಹಲಸಿನಕಾಯಿಯಷ್ಟು ದೊಡ್ಡ ಬೀಗ ಜಡಿದಿದ್ದರು.

ಮುಂದೆ ಅಂದರೆ ಮುಂದೆ

ಅಚ್ಚಿಗೆ ಕೊಟ್ಟದ್ದು ಯಾದಗಿರಿಯ ಒಂದು ಕಲ್ಲಚ್ಚಿನ ಛಾಪಖಾನೆಗೆ. ಅದರ ಮುದುಕ ಮಾಲಕ ಜೀವಮಾನದಲ್ಲಿ ಉರ್ದು ಬಿಟ್ಟು ಬೇರೆ ಏನನ್ನೂ ಛಾಪಿಸಿದವನಲ್ಲ. ಹಾಗಾಗಿ ಅಕ್ಷರವನ್ನೂ ನಾನೇ ಕೈಯಲ್ಲಿ ಬರೆದುಕೊಟ್ಟಿದ್ದೆ. ಪುಟದ ನಂಬರು ಹಾಕುವುದು ಮಾತ್ರ ಮರೆತಿದ್ದೆ. ಹಾಳೆಗಳನ್ನು ಒಂದರ ಕೆಳಗೊಂದು ಸರಿಯಾಗಿ ಜೋಡಿಸಿ ಕೊಟ್ಟೆ.

"ಹೆಸರು, ಕೋಟಿ ಚಿತ್ರ, ಇವು ರಟ್ಟಿನ ಮ್ಯಾಲ ಎಲ್ಲಿ ಹಾಕ್ಲಿ?" ಎಂದು ಮುದುಕ ಕೇಳಿದ.

"ಮುಂದ ಹಾಕ್ರಿ."

"ಮುಂದಂದ್ರ ಯಾವ ಕಡಿ?"

ನನಗೆ ಬಸ್ಸಿನ ಹೊತ್ತಾಗಿತ್ತು. "ಮುಂದಂದ್ರ ಮುಂದ್ರಿ ಚಾಚಾ," ಎಂದು ಓಡಿದೆ.

ಅವನು ಹಿಂದಿನಿಂದ ಕೂಗಿ ಹೇಳಿದ: "ಈ ಹೊಸ ರಾಜ್ಯಾದಾಗ ಮುಂದ ಯಾವ್ದು ಹಿಂದ ಯಾವ್ದು ನನಗಿನ್ನೂ ತಿಳಿದಿಲ್ಲಪ್ಪ. ಎರಡೂ ಕಡಿ ಹಾಕ್ತೀನಿ. ಯಾವ ಕಡಿಂದ ಬಂದವರಿಗೂ ಬಾಗಲಾ ಇರ್ಲಿ."

ಖರೇ ಯಾವುದು

ಪುಸ್ತಕದ ಗಂಟು ಬಂದದ್ದು ಸಾಹೇಬರು ಬರುವ ದಿನ ಮುಂಜಾನೆಯ ಬಸ್ಸಿಗೆ. ಇತಿಹಾಸದ ಮಾಸ್ತರ್ರು ಬಿಸ್ಮಿಲ್ಲಾ ಎಂದು ಒಂದನ್ನು ತೆರೆದರು. ಮೊದಲು ತೊಟ್ಟಿಲು, ಕೊನೆಗೆ ಕೋಟೆ ಬಿದ್ದದ್ದು, ಎಲ್ಲ ಸರಿ. ಹೆಡ್ ಮಾಸ್ತರ್ರು ನೋಡಿದರು, ಸರಿ. ನಾನೂ ನೋಡಿದೆ, ಸರಿ. ಮೂವರೂ ಚಿಕ್ಕಂದಿನಿಂದ ಉರ್ದು ಪುಸ್ತಕ ತಿರುವಿ ದೊಡ್ಡವರಾದವರು. ಪುಸ್ತಕ ಬಲಗಡೆಯಿಂದ ತೆರೆಯುತ್ತಿದೆ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಸಾಹೇಬರು ಬಂದರು. ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಇತಿಹಾಸದ ಮಾಸ್ತರ್ರು ಇಲ್ಲೇ ಇರುವುದೋ ಗುಲಬರ್ಗಾಕ್ಕೆ ಹೋಗುವುದೋ, ಅದರ ಕೆಳಗೆ ಸಹಿ ಆಗಬೇಕು. "ಪುಸ್ತಕ ಮಕ್ಕಳೇ ಓದಲಿ," ಎಂದರು. ಮಕ್ಕಳಲ್ಲಿ ಅಳದೆ ಓದುವವಳು ಒಬ್ಬಳೇ ಎಂದು ಹೆಡ್ ಮಾಸ್ತರ್ರು ಗಾಣಿಗರ ಹುಡುಗಿಯನ್ನು ನಿಲ್ಲಿಸಿದರು.

ಅವಳು ಕನ್ನಡ ಶಾಲೆಯ ಹೊಸ ಬೆಳೆ. ಪುಸ್ತಕವನ್ನು ಎಡಗಡೆಯಿಂದ ತೆರೆದಳು.

"ಕೋಟೆ ಬಿತ್ತು. ಈಗ ಅಲ್ಲಿ ಬರೀ ಕಲ್ಲುಗಳಿವೆ."

ಕೊನೆಯ ಪುಟವೇ ಮೊದಲು ಬಂದಿತ್ತು. ಮಾಸ್ತರ್ರು ಗೋಡೆ ಹಿಡಿದುಕೊಂಡರು. ಹುಡುಗಿ ಪುಟ ತಿರುವಿದಳು.

"ರಾಜ ರಣದಲ್ಲಿ ಮಡಿದ."

"ಕಾವಲುಗಾರ ಬಾಗಿಲು ತೆರೆದ."

"ವೈರಿಗಳು ಬಂದು ಆರು ತಿಂಗಳು ಕೂತರು."

"ರಾಣಿ ಬಿಸಿ ರೊಟ್ಟಿ ಬಡಿದಳು. ಎಲ್ಲರೂ ಹೊಟ್ಟೆ ತುಂಬ ಉಂಡರು."

ಸಾಹೇಬರ ಮುಖ ಅರಳಿತು. "ಭಲೆ. ಮನಿ ಬಾಗಲಕ್ಕ ಬಂದಾನ ಅಂತ ವೈರಿಗೂ ಊಟಕ್ಕ ಹಾಕ್ಯಾಳ. ಮುಂದ ಓದವ್ವ."

"ಕೋಟೆಯಲ್ಲಿ ದೊಡ್ಡ ಮದುವೆ ಆಯಿತು. ಊರೆಲ್ಲ ಬಂದಿತ್ತು."

"ಬೀಗತನನೂ ಬೆಳಸ್ಯಾರ. ನೋಡ್ರಿ, ಜಗಳ ಹಿಂಗ ಮುಗೀಬೇಕು."

"ರಾಜಕುಮಾರ ಕುದುರೆ ಹತ್ತಲು ಕಲಿತ," ಎಂದು ಓದಿ, ಹುಡುಗಿ ಕೊನೆಯ ಪುಟಕ್ಕೆ ಬಂದಳು. "ತೊಟ್ಟಿಲು ತೂಗಿತು. ಕೋಟೆಯಲ್ಲಿ ಗಂಡುಮಗು ಹುಟ್ಟಿತು."

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಸಾಹೇಬರು ಕಣ್ಣು ಒರೆಸಿಕೊಂಡರು. "ಸತ್ತ ರಾಜ ಮತ್ತ ಹುಟ್ಟಿ ಬಂದ. ಬಿದ್ದ ಕೋಟಿ ಎದ್ದು ನಿಂತಿತು. ಮಾಸ್ತರ್ರ, ಇಂಥಾ ಪುಸ್ತಕ ನಮ್ಮ ಕಡೆನೂ ಯಾರೂ ಬರ್ದಿಲ್ಲ," ಎಂದು ಪೆನ್ನಿನ ಟೊಪ್ಪಿಗೆ ಬಿಚ್ಚಿದರು.

ಹೆಡ್ ಮಾಸ್ತರ್ರು ಮೇಲೆ ನೋಡಿ ಕೈಮುಗಿದರು. ನಾನು ಇತಿಹಾಸದ ಮಾಸ್ತರ್ರ ಕಾಲನ್ನು ಜೋರಾಗಿ ತುಳಿದೆ. ತುಳಿದರೆ ಸುಮ್ಮನಿರುವ ಜೀವವೇ ಅದು?

"ಸಾಹೇಬ್ರ, ಹಂಗಲ್ರಿ," ಎಂದರು ಮಾಸ್ತರ್ರು, ಹಣೆಯ ಬೆವರು ಒರೆಸಿಕೊಳ್ಳುತ್ತ. "ರಾಜ ಸತ್ತಾನ್ರಿ."

"ಹೌದ್ರಿ, ಸತ್ತಾನ, ಎರಡನೇ ಪುಟದಾಗ. ಆಮ್ಯಾಲ ಹುಟ್ಯಾನ."

"ಮೊದಲು ಹುಟ್ಯಾನ್ರಿ. ಆಮ್ಯಾಲ ಸತ್ತಾನ್ರಿ."

ಸಾಹೇಬರ ಪೆನ್ನು ಕಾಗದದ ಮೇಲೆ ಅಲ್ಲೇ ನಿಂತಿತು. ಹೆಡ್ ಮಾಸ್ತರ್ರ ಮುಖ ಸುಣ್ಣವಾಯಿತು. ಹುಡುಗಿಯೇ ಮುಂದೆ ಬಂದು ಬಗೆಹರಿಸಿದಳು.

"ಇಬ್ರದೂ ಖರೇನೇ ಅದ್ರಿ ಸರ್. ಮಾಸ್ತರ್ರು ಉರ್ದು ಕಡಿಂದ ಓದ್ತಾರ್ರಿ, ಅವಾಗ ರಾಜ ಸಾಯ್ತಾನ್ರಿ. ನಾ ಕನ್ನಡ ಕಡಿಂದ ಓದೀನ್ರಿ, ಎದ್ದು ಬಂದಾನ್ರಿ."

ಸಾಹೇಬರು ಪುಸ್ತಕ ತೆಗೆದುಕೊಂಡು ಎಡಗಡೆಯಿಂದ ತಿರುವಿದರು, ಬಲಗಡೆಯಿಂದ ತಿರುವಿದರು. ಬಾಗಿಲಿನ ಮೇಲಿನ ಹಲಸಿನಕಾಯಿ ಬೀಗವನ್ನೂ, ಮೀಸೆಯ ವೀರಭದ್ರನನ್ನೂ ನೋಡಿದರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಕಡೆಗೆ ಚಷ್ಮಾ ಜಾರಿ ಮೇಜಿನ ಮೇಲೆ ಬಿತ್ತು. ನಕ್ಕು ನಕ್ಕು ಸುಸ್ತಾಗಿ, ಪೆನ್ನು ಮತ್ತೆ ಕಾಗದದ ಮೇಲಿಟ್ಟು ಕೇಳಿದರು:

"ಮಾಸ್ತರ್ರ, ನಲವತ್ತು ದಾಟಿದ ಮ್ಯಾಲ ಕನ್ನಡ ಕಲ್ತು ಇಷ್ಟು ಬರ್ದೀರಿ, ನಿಮ್ಮನ್ನ ನಾ ಎಲ್ಲೂ ಕಳಸಂಗಿಲ್ಲ. ಆದ್ರ ಸಹಿ ಮಾಡೂಕಿಂತ ಮೊದ್ಲ ಒಂದು ಮಾತು ಹೇಳ್ರಿ. ಇದರಾಗ ಖರೇ ಯಾವುದು? ರಾಜ ಸತ್ತಾನೋ, ಬದುಕ್ಯಾನೋ?"

ಇತಿಹಾಸದ ಮಾಸ್ತರ್ರು ಪೆನ್ನಿನ ತುದಿಯನ್ನು ನೋಡಿದರು, ಮಕ್ಕಳನ್ನು ನೋಡಿದರು. ಜೀವಮಾನದಲ್ಲಿ ಮೊದಲ ಸಲ ಅವರ ನಾಲಿಗೆ ತಡವರಿಸಿತು.

"ಖರೇ ಕೇಳಿದ್ರ ಸತ್ತಾನ್ರಿ ಸಾಹೇಬ್ರ. ಆದ್ರ ನಿಮ್ಮ ಸಹಿ ಆಗೋತನಕ ಬದುಕಿರ್ಲಿ ಬಿಡ್ರಿ."