ಆಗ್ಲಿಬಿಡಿಯ ನೋ

"ಎಲ್ಲಿ, ಇನ್ನೊಂದ್ಸಲ ಅನ್ನಿ."

"ನೋ."

"ಜೋರಾಗಿ!"

"ನೋ... ಆದ್ರೆ..."

"ಆದ್ರೆ ಗೀದ್ರೆ ಏನೂ ಇಲ್ಲ!" ಹೆಂಡತಿ ಗದರಿದಳು. "ಆಗಲ್ಲ ಅನ್ನೋಕೆ ಹೋದ್ರೆ ನಿಮಗೆ ಗಂಟಲು ಕಟ್ಟತ್ತೆ. ಇಂಗ್ಲಿಷಲ್ಲಾದ್ರೆ ಬೇರೆ ಯಾರೋ ಅಂದ ಹಾಗಿರತ್ತೆ. ನೋ ಅಂದು ಬಾಯಿ ಮುಚ್ಕೊಂಡು ಕೂತ್ಕೊಳಿ."

ಏನು ಕೇಳಿದರೂ 'ಆಗ್ಲಿ ಬಿಡಿ, ಮಾಡ್ಕೊಡ್ತೀನಿ' ಅನ್ನುತ್ತಿದ್ದ ಈ ಗುಮಾಸ್ತರಿಗೆ ಕಚೇರಿಯಲ್ಲಿ 'ಆಗ್ಲಿಬಿಡಿ' ಎಂದೇ ಹೆಸರು. ಅಲ್ಲಿನ ಮ್ಯಾನೇಜರರ ಕಾನೂನು ಬಲು ಕಟ್ಟುನಿಟ್ಟು. ಸಂಜೆ ಐದಕ್ಕೆ ಮೇಜಿನ ಮೇಲೆ ಒಂದೇ ಒಂದು ಕಾಗದ ಉಳಿದರೂ ಮರುದಿನ ರಜೆ ಇಲ್ಲ. ಕಂಡವರ ಫೈಲೆಲ್ಲ ತಲೆ ಮೇಲೆ ಹೊತ್ತುಕೊಂಡ ಪುಣ್ಯಾತ್ಮ ಎರಡು ವರ್ಷದಿಂದ ರಜೆಯ ಮುಖ ಕಂಡಿರಲಿಲ್ಲ. ನಾಳೆ ಮಗಳ ಓಟದ ಪಂದ್ಯ. "ಈ ಸಲಾನೂ ಬರಲ್ಲ ಅಲ್ವಾ ಅಪ್ಪ?" ಎಂದು ಅವಳು ಆಗಲೇ ಕೇಳಿಬಿಟ್ಟಿದ್ದಳು.

ಕಚೇರಿಗೆ ಬಂದು ರಜೆ ಅರ್ಜಿಯನ್ನು ಮ್ಯಾನೇಜರರ ಕೋಣೆಗೆ ಕಳಿಸಿ ಕೂತರೋ ಇಲ್ಲವೋ, ಟೈಪಿಸ್ಟ್ ಹಾಜರು. "ಅಣ್ಣಾ, ಈ ಪಟ್ಟಿ ಒಂಚೂರು ತಾಳೆ ನೋಡ್ಕೊಡಿ. ಐದೇ ನಿಮಿಷ."

ಆಗ್ಲಿಬಿಡಿ ಕಣ್ಣು ಮುಚ್ಚಿಕೊಂಡು ಅಂದೇಬಿಟ್ಟರು. "ನೋ."

ಟೈಪಿಸ್ಟ್ ಎರಡು ಹೆಜ್ಜೆ ಹಿಂದೆ ಸರಿದಳು. ಹತ್ತು ನಿಮಿಷದಲ್ಲಿ ಸುದ್ದಿ ಉಗ್ರಾಣದವರಿಗೆ ಮುಟ್ಟಿತು. ಅವರು ಕಂಕುಳಲ್ಲಿ ಒಂದು ಫೈಲು ಇರುಕಿಕೊಂಡೇ ಬಂದರು. "ಏನ್ರೀ, ಮೈ ಹುಷಾರಿಲ್ವಾ? ಮನೇಲೆಲ್ಲ ಸರಿ ತಾನೇ?"

"ನೋ!" ಬಾಯಿಂದ ಜಾರಿಬಿಟ್ಟಿತು.

"ಅಯ್ಯೋ ಪಾಪ! ಹೆಂಡ್ತಿ ಜೊತೆ ಜಗಳಾನಾ? ಮನಸ್ಸು ಬೇರೆ ಕಡೆ ತಿರುಗ್ಲಿ, ತಗೊಳ್ಳಿ, ಈ ಫೈಲು ಬರೀರಿ."

"ನೋ, ನೋ, ನೋ!"

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಮನೆಬಿಟ್ಟು ಹೋದಳೆಂದು ಕಚೇರಿಯೆಲ್ಲ ಗುಸುಗುಸು. ಸಮಾಧಾನ ಹೇಳಲು ಬಂದವರೆಲ್ಲರ ಕೈಯಲ್ಲೂ ಒಂದೊಂದು ಫೈಲು! ಆಗ್ಲಿಬಿಡಿ ಊಟಕ್ಕೂ ಏಳಲಿಲ್ಲ. ಕಾವಿಗೆ ಕೂತ ಕೋಳಿಯಂತೆ ಎರಡೂ ತೋಳು ಚಾಚಿ ಮೇಜನ್ನು ಅವುಚಿಕೊಂಡು ಕೂತರು. ಗಡಿಯಾರದ ಮುಳ್ಳಂತೂ ಬೇಕೆಂದೇ ಕುಂಟುತ್ತಿತ್ತು.

ಐದಕ್ಕೆ ಐದು ನಿಮಿಷವಿದೆ ಎನ್ನುವಾಗ ಮ್ಯಾನೇಜರ್ ಬಂದರು. ಮೇಜು ಖಾಲಿ, ಬೋಳು ತಲೆಯಷ್ಟೇ ನುಣುಪು.

"ನಿಮ್ಮ ಮೇಲೆ ಆರು ದೂರು ಬಂದಿದೆ ಕಣ್ರೀ. ಯಾರಿಗೂ ಏನೂ ಮಾಡ್ಕೊಡಲಿಲ್ವಂತೆ."

ಆಗ್ಲಿಬಿಡಿ ದಡಬಡಿಸಿ ಎದ್ದು ನಿಂತರು.

"ಭೇಷ್!" ಮ್ಯಾನೇಜರ್ ಬೆನ್ನು ತಟ್ಟಿದರು. "ರಜೆ ಕೇಳೋರ ಕಾಟ ತಡೀಲಾರದೆ ಸಾಕಾಗಿಹೋಗಿತ್ತು ನನಗೆ. ಇಂಥ ಗಟ್ಟಿ ಮನುಷ್ಯನೇ ಬೇಕಿತ್ತು. ಇನ್ಮೇಲೆ ರಜೆ ಅರ್ಜಿ ಎಲ್ಲ ನಿಮ್ಮದೇ ಜವಾಬ್ದಾರಿ."

"ನೋ ಸರ್! ದಯವಿಟ್ಟು ನೋ!"

"ನೋಡಿ ನೋಡಿ, ಎಂಥ ಗಟ್ಟಿ ದನಿ! ಇದೇ ಬೇಕಾಗಿದ್ದು!" ಎನ್ನುತ್ತ ಅರ್ಜಿಗಳ ಕಟ್ಟನ್ನು ಧೊಪ್ಪೆಂದು ಮೇಜಿನ ಮೇಲೆ ಕುಕ್ಕಿ, ಕಾನೂನು ಗೊತ್ತಲ್ಲ ಎಂಬಂತೆ ಗಡಿಯಾರ ತೋರಿಸಿ ಹೊರಟುಹೋದರು. ಗಂಟೆ ಐದು ಹೊಡೆಯಿತು. ಕಟ್ಟಿನ ಮೇಲಿದ್ದ ಮೊದಲನೆಯ ಅರ್ಜಿ ಆಗ್ಲಿಬಿಡಿಯದೇ.

ಅವರು ಕೆಂಪು ಪೆನ್ನು ತೆಗೆದು ಅದರ ಮೇಲೆ ಒಂದೇ ಅಕ್ಷರ ಬರೆದರು. ಅಷ್ಟರಲ್ಲಿ ಫೋನು.

"ಏನಾಯ್ತ್ರೀ? ಎಲ್ಲರಿಗೂ ನೋ ಅಂದ್ರಾ? ಒಬ್ಬರನ್ನೂ ಬಿಟ್ಟಿಲ್ಲ ತಾನೇ?" ಹೆಂಡತಿಯ ದನಿಯಲ್ಲಿ ಸಂಭ್ರಮ.

"ಒಬ್ಬರನ್ನೂ ಬಿಟ್ಟಿಲ್ಲ ಕಣೇ," ಎಂದರು ಆಗ್ಲಿಬಿಡಿ. "ನನ್ನನ್ನೂ ಸೇರಿಸಿ."