ಆರು ಸಿಲಿಂಡರಿನ ಕಾರಿಗೊಂದು ಊದುಗೊಳವೆ

ಕಾರು ಓಡಿಸಿ ಅನ್ನ ತಿನ್ನುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಟೈರಿಗೆ ಲಾಳದ ಮೊಳೆ ಸಿಕ್ಕಿದ ಹಾಗೆ ಅವೇ ಬಂದು ಚುಚ್ಚಿಕೊಳ್ಳುತ್ತವೆ. ಜೊತೆಗೆ ಕೂತು ನಗುವವರು ಸಿಗುವುದು ಮಾತ್ರ ಕಷ್ಟ. ಮಹಾರಾಜರ ಕಾಲದಲ್ಲಿ ನಾನು ಮೈಸೂರಿನಿಂದ ಕಡೂರಿಗೆ ಬಂದು, ಅಲ್ಲಿನ ಕೊಬ್ಬರಿ ಸಾಹುಕಾರರೊಬ್ಬರ ಹತ್ತಿರ ಡ್ರೈವರಾಗಿದ್ದೆ. ಮದುವೆ ಇಲ್ಲ, ಮನೆ ಇಲ್ಲ. ಪೆಟ್ರೋಲ್ ವಾಸನೆಯವನಿಗೆ ಹೆಣ್ಣು ಕೊಡುವವರು ಯಾರು? ಕಾರಿನ ಷೆಡ್ಡಿನಲ್ಲೇ ಒಂದು ಮಂಚ ಹಾಕಿಕೊಂಡು ಮಲಗುತ್ತಿದ್ದೆ. ಬೆಳಿಗ್ಗೆ ಎದ್ದು ಮೊದಲು ಮಾತಾಡುತ್ತಿದ್ದುದು ಕಾರಿನ ಜೊತೆಗೇ. ಅದು ಆರು ಸಿಲಿಂಡರಿನ ಗಾಡಿ, ತಿರುಗಿ ಮಾತಾಡುತ್ತಿರಲಿಲ್ಲ.

ಅಮಲ್ದಾರರು ಬಂದ್ರು

ಆ ಕಾರನ್ನು ಸಾಹುಕಾರರು ಸಂಸಾರಕ್ಕೆಂದೇ ತರಿಸಿದ್ದರು. ಹೆಂಡತಿ, ಮಗಳು, ಬರುವ ಹೋಗುವ ನೆಂಟರು ಎಲ್ಲರೂ ಕೂತು ಹೋಗಲಿ ಅಂತ ದೊಡ್ಡದನ್ನೇ ಆರಿಸಿದ್ದರಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಆ ತಾಯಿ ತೀರಿಕೊಂಡಿದ್ದರು. ಮಗಳು ಮದುವೆಯಾಗಿ ಅಜ್ಜಂಪುರಕ್ಕೆ ಹೋಗಿದ್ದಳು. ಹೀಗಾಗಿ ಅಷ್ಟು ದೊಡ್ಡ ಗಾಡಿಯಲ್ಲಿ ಮುಂದೆ ನಾನೊಬ್ಬ, ಹಿಂದೆ ಅವರೊಬ್ಬರು. ಅವರು ಯಾವಾಗಲೂ ಬಲಗಡೆಯ ಮೂಲೆಗೆ ಒತ್ತಿಕೊಂಡೇ ಕೂರುತ್ತಿದ್ದರು.

"ನಡುವೆ ಕೂತ್ಕೊಳ್ಳಿ ಯಜಮಾನ್ರೇ, ಆರಾಮಾಗಿರುತ್ತೆ" ಅಂದೆ ಒಂದು ಸಲ.

"ಅಭ್ಯಾಸ ಆಗೋಗಿದೆ ಕಣಪ್ಪ, ಬಿಡು" ಅಂದರು.

ಒಂದು ದಿನ ಕೊಬ್ಬರಿ ನೋಡೋಕೆ ಪಂಚನಹಳ್ಳಿಗೆ ಹೋದೆವು. ಕಾರು ನಿಂತದ್ದೇ ತಡ, ಊರವರು ಅಮಲ್ದಾರರು ಬಂದರು ಅಂದುಕೊಂಡು ಓಡಿ ಬಂದರು. ಒಬ್ಬನಿಗೆ ಖಾತೆ ಬದಲಾಗಿಲ್ಲ, ಇನ್ನೊಬ್ಬನ ಬದುವನ್ನು ಪಕ್ಕದವನು ಒತ್ತಿದ್ದಾನೆ, ಒಬ್ಬ ಅಜ್ಜಿಯ ಸೊಸೆ ಊಟ ಹಾಕುವುದಿಲ್ಲ. ಸಾಹುಕಾರರು 'ನಾನು ಅಮಲ್ದಾರ ಅಲ್ಲ' ಅಂತ ಒಂದು ಮಾತು ಅನ್ನಬೇಕಲ್ಲ? ಅನ್ನಲಿಲ್ಲ. ಬೇವಿನ ಮರದ ಕೆಳಗೆ ಕೂತು, ಪ್ರತಿಯೊಬ್ಬರ ಕಷ್ಟವನ್ನೂ ಕೊನೆತನಕ ಕೇಳಿದರು. ಸೊಸೆಯನ್ನೂ ಕರೆಸಿ ಅವಳ ಕಡೆಯ ಮಾತು ಕೇಳಿದರು. ಹೊತ್ತು ವಾಲಿತು, ಕೊಬ್ಬರಿ ನೋಡುವುದೇ ಮರೆತುಹೋಯಿತು.

ವಾಪಸ್ ಬರುವಾಗ ನಾನು ಕೇಳಿದೆ, "ನಿಜ ಹೇಳಬೌದಿತ್ತಲ್ಲ ಯಜಮಾನ್ರೇ?"

"ಹೇಳಿದ್ರೆ ಎಲ್ಲಾ ಎದ್ದು ಹೋಗೋರು ಕಣೋ" ಅಂದರು. ಸ್ವಲ್ಪ ದೂರ ಹೋದ ಮೇಲೆ, "ಆ ಸೊಸೇದೇನೂ ತಪ್ಪಿಲ್ಲ. ಅಜ್ಜಿಗೆ ಊಟ ಆದದ್ದು ಮರೆತು ಹೋಗುತ್ತೆ, ಅಷ್ಟೆ. ತೀರ್ಪು ಕೊಟ್ಟುಬಿಡಬೇಕಿತ್ತು" ಅಂತ ಕೈ ಕೈ ಹಿಸುಕಿಕೊಂಡರು.

ಬಸ್ಸಿನ ಅಜ್ಜಿ

ತರೀಕೆರೆಯಿಂದ ಲಿಂಗದಹಳ್ಳಿ ಕಡೆಗೆ ಹೋಗುವಾಗ ಒಂದು ಏರು ಸಿಗುತ್ತದೆ. ನಮ್ಮ ಕಾರಿನ ಮೈ ಭಾರ, ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಅವತ್ತು ಹಿಂದಿನಿಂದ ಒಂದು ಬಸ್ಸು ಬಂತು. ಒಳಗೆ ಜನ, ಟಾಪಿನ ಮೇಲೆ ಕೋಳಿ ಪಂಜರ, ಬಾಳೆಗೊನೆ. ಆ ಡ್ರೈವರು ಪಳಗಿದವನು, ಕೆಳಗಿನಿಂದಲೇ ವೇಗ ಹಿಡಿದು ಬಂದು ನಮ್ಮ ಪಕ್ಕದಲ್ಲೇ ಸಾಗಿ ಮುಂದೆ ಹೋದ. ಹೋಗುವಾಗ ಕಿಟಕಿಯಲ್ಲಿದ್ದ ಒಬ್ಬ ಅಜ್ಜಿ, ಒಂಟಿಯಾಗಿ ಕೂತಿದ್ದ ಸಾಹುಕಾರರನ್ನು ನೋಡಿ ಮರುಗಿಬಿಟ್ಟಳು.

"ಅಯ್ಯೋ ಮಗಾ, ಒಬ್ನೇ ಇದೀಯಲ್ಲೋ! ಗಾಡಿ ಕೆಟ್ಟೋಗಿದ್ರೆ ನಮ್ ಬಸ್ ಹತ್ಕೋ ಬಾ, ಸರ್ಕೊಂಡ್ ಕೂರ್ತೀವಿ!"

ಬಸ್ಸಿನ ತುಂಬ ನಗು. ಸಾಹುಕಾರರು ರುಮಾಲು ಸರಿಮಾಡಿಕೊಂಡರು. ಏರು ಮುಗಿದ ಮೇಲೆ ನಿಧಾನವಾಗಿ ಕೇಳಿದರು:

"ಆ ಬಸ್ಸಲ್ಲಿ ನಿಜವಾಗ್ಲೂ ಜಾಗ ಇತ್ತೇನೋ?"

ಇನ್ನೊಂದು ಮುದ್ದೆ

ಬಸ್ಸು ನಮ್ಮನ್ನು ಹಿಂದೆ ಹಾಕಿದ ಸುದ್ದಿ ಕಡೂರಿನ ಕೊಬ್ಬರಿ ಮಂಡಿಗೆ ಮುಟ್ಟಿತು. ಯಾರೋ ಹೇಳಿದರು, ಬೆಂಗಳೂರಲ್ಲಿ ಎಂಜಿನ್ನಿಗೆ ಗಾಳಿ ಊದುವ ಒಂದು ಮಿಷನ್ ಬಂದಿದೆ, ಸೂಪರ್‌ಚಾರ್ಜರ್ ಅಂತ, ಅದನ್ನು ಹಾಕಿಸಿದರೆ ಕಾರು ಕುದುರೆಯಾಗುತ್ತದೆ ಅಂತ. ವಾರ ಕಳೆಯುವುದರೊಳಗೆ ಬೆಂಗಳೂರಿನ ಮೆಕ್ಯಾನಿಕ್ ನಮ್ಮ ಷೆಡ್ಡಿಗೆ ಬಂದ.

"ಎಂಜಿನ್ನು ಈಗ ತನ್ನ ಪಾಡಿಗೆ ತಾನು ಉಸಿರು ತಗೊಳ್ತಿದೆ ಸಾರ್" ಅಂತ ವಿವರಿಸಿದ. "ಇದು ಬಲವಂತವಾಗಿ ಗಾಳಿ ತುರುಕುತ್ತೆ. ಗಾಳಿ ಹೆಚ್ಚಾದ್ರೆ ಪೆಟ್ರೋಲ್ ಹೆಚ್ಚು ಉರಿಯುತ್ತೆ, ಶಕ್ತಿ ಹೆಚ್ಚಾಗುತ್ತೆ."

"ಗೊತ್ತಾಯ್ತು" ಅಂದರು ಸಾಹುಕಾರರು. "ನಮ್ಮನೆಯವಳು, ಬೇಡ ಅಂದ್ರೂ ಇನ್ನೊಂದು ಮುದ್ದೆ ತಟ್ಟೆಗೆ ಹಾಕ್ಬಿಡ್ತಿದ್ಳು. ಹಂಗೆ."

"ಮುದ್ದೆ ಹೆಚ್ಚಾದ್ರೆ ನಿದ್ದೆ ಬರುತ್ತೆ ಯಜಮಾನ್ರೇ, ಶಕ್ತಿ ಅಲ್ಲ" ಅಂದೆ ನಾನು. ನನಗೆ ಅದು ಬೇಡವಾಗಿತ್ತು. ಸಂಸಾರದ ಗಾಡಿ ಅದು, ಅದರ ಉಸಿರು ಅದಕ್ಕೆ ಸಾಕು. ಬ್ರೇಕು ಹಳೆಯದೇ, ರಸ್ತೆ ಹಳೆಯದೇ, ಮುಂದೆ ಹೋಗುವ ಎತ್ತಿನಗಾಡಿಗೆ ಯಾರೂ ಗಾಳಿ ಊದುವುದಿಲ್ಲ. ಇದನ್ನೆಲ್ಲ ಹೇಳಿದೆ. ಮೆಕ್ಯಾನಿಕ್ಕನೂ ಒಳ್ಳೆಯವನು, ಮುಚ್ಚಿಡಲಿಲ್ಲ.

"ಇವ್ರು ಹೇಳೋದೂ ನಿಜ ಸಾರ್. ಬಿಸಿ ಜಾಸ್ತಿಯಾಗುತ್ತೆ. ಎಂಜಿನ್ನಿನ ಆಯಸ್ಸು ಸ್ವಲ್ಪ ಕಮ್ಮಿಯಾಗಬೌದು."

ಸಾಹುಕಾರರು ಕಾರನ್ನೊಮ್ಮೆ, ತಮ್ಮ ಮೈಯನ್ನೊಮ್ಮೆ ನೋಡಿಕೊಂಡರು. "ನನಗಿಂತ ಒಂದು ದಿನ ಜಾಸ್ತಿ ಬಾಳಿದ್ರೆ ಸಾಕು. ಹಾಕಪ್ಪ."

ಬೇಗ ಬಂದ ಅಪ್ಪಾಜಿ

ಹಾಕಿದ ಮೇಲೆ ಕಾರು ಏರಿನಲ್ಲಿ ಹಾರಿದ್ದು ನಿಜ. ಸುಳ್ಳು ಹೇಳಬಾರದು, ನನ್ನ ಎದೆಯೂ ಉಬ್ಬಿತು. ಆದರೆ ಕಾಲು ಒತ್ತಿದ ಕೂಡಲೇ ಆ ಮಿಷನ್ನು 'ಕುಂಯ್ಯ್‌' ಅಂತ ಉದ್ದಕ್ಕೆ ಕೂಗುತ್ತಿತ್ತು. ಕಡೂರಿನ ನಾಯಿಗಳೆಲ್ಲ ನಮ್ಮ ವಿರೋಧಿಗಳಾದವು.

ಸಾಹುಕಾರರಿಗೆ ಮೊದಲು ಹೋಗಬೇಕಾಗಿದ್ದದ್ದು ಅಜ್ಜಂಪುರಕ್ಕೆ. ಮುಂಚೆಲ್ಲ ಮಂಡಿಯ ಕೆಲಸ ಮುಗಿಸಿ ಹೊರಟು, ಅಲ್ಲಲ್ಲಿ ನಿಂತು ಎಂಜಿನ್ ತಣ್ಣಗೆ ಮಾಡಿಕೊಂಡು, ಮಗಳ ಮನೆ ಸೇರುವಾಗ ದೀಪ ಹಚ್ಚಿರುತ್ತಿತ್ತು. ಮಗಳು ಹಾಸಿಗೆ ಹಾಸುತ್ತಿದ್ದಳು. ಮೊಮ್ಮಕ್ಕಳು ಅಜ್ಜನ ಎರಡೂ ಪಕ್ಕ ಮಲಗಿ ಕತೆ ಕೇಳುತ್ತಿದ್ದವು. ಹೊರಗೆ ಜಗಲಿಯಲ್ಲಿ ಮಲಗುತ್ತಿದ್ದ ನಾನೂ ಕಿವಿಗೊಟ್ಟು ಕೇಳುತ್ತಿದ್ದೆ.

ಅವತ್ತು ಬಿಸಿಲು ಇಳಿಯುವ ಮೊದಲೇ ಹೋಗಿ ನಿಂತೆವು. ಮಗಳಿಗೆ ಸಂಭ್ರಮವೋ ಸಂಭ್ರಮ. ಕಾಫಿ ಕೊಟ್ಟಳು, ಉಪ್ಪಿಟ್ಟು ಕೊಟ್ಟಳು. ಕಾರಿನ ಸುತ್ತ ತಿರುಗಿ ನೋಡಿ ಹೇಳಿದಳು:

"ಒಳ್ಳೇದಾಯ್ತು ಅಪ್ಪಾಜಿ! ಮೊದ್ಲೆಲ್ಲ ಇಲ್ಲೇ ಇಕ್ಕಟ್ಟಲ್ಲಿ ಮಲಗಿ ಸೊಂಟ ನೋಯಿಸ್ಕೋತಿದ್ರಿ. ಈಗ ಹೊರಟ್ರೆ ಹೊತ್ತು ಮುಳುಗೋದ್ರೊಳಗೆ ಮನೆ ಸೇರ್ಕೊಂಡು ನಿಮ್ ಮಂಚದ ಮೇಲೆ ಆರಾಮಾಗಿ ಮಲಗಬೌದು."

ಅವಳು ಅಕ್ಕರೆಯಿಂದಲೇ ಹೇಳಿದ್ದು. ಸಾಹುಕಾರರು "ಹೂಂ ಕಣಮ್ಮ, ಅದಕ್ಕೇ ಹಾಕ್ಸಿದ್ದು" ಅಂದರು. ಕಾರು ಹತ್ತಿ, ಉಳಿಯೋಕೆ ಅಂತ ತಂದಿದ್ದ ಬಟ್ಟೆಯ ಚೀಲವನ್ನು ಯಾರಿಗೂ ಕಾಣದ ಹಾಗೆ ಕಾಲಲ್ಲೇ ಸೀಟಿನ ಕೆಳಕ್ಕೆ ತಳ್ಳಿದರು. ಮೊಮ್ಮಕ್ಕಳು ಟಾಟಾ ಮಾಡಿದವು. ಊರು ದಾಟಿದ ಮೇಲೆ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು:

"ಏನಪ್ಪಾ, ಇದ್ರಲ್ಲಿ ಗಾಳಿ ವಾಪಸ್ ಎಳ್ಕೊಳ್ಳೋ ಮಿಷನ್ ಬರಲ್ವಾ?"

ನಮ್ಮ ರೈಲು

ಅದೇ ಸಂಜೆ, ಅಜ್ಜಂಪುರದಾಚೆಯ ರೈಲ್ವೆ ಗೇಟು. ತೆರೆದೇ ಇತ್ತು. ಬೇಗ ದಾಟಿಬಿಡೋಣ ಅಂತ ಕಾಲು ಒತ್ತಿದೆ. 'ಕುಂಯ್ಯ್‌' ಅಂತ ಮಿಷನ್ನು ಕೂಗಿತು. ಗುಡಿಸಲಿನಿಂದ ಗೇಟಿನವನು ಬಿದ್ದೆನೋ ಕೆಟ್ಟೆನೋ ಅಂತ ಓಡಿ ಬಂದು ಗೇಟು ಹಾಕಿಬಿಟ್ಟ.

"ನಿಲ್ಸಿ ಬುದ್ಧೀ, ರೈಲು ಬತ್ತೈತೆ!"

ನಿಲ್ಲಿಸಿದೆವು. ಎಂಜಿನ್ ಆರಿಸಿದೆ. ರೈಲಿಲ್ಲ, ಹೊಗೆಯೂ ಇಲ್ಲ. ಗೇಟಿನವನು ಹಳಿಗೆ ಕಿವಿಯಿಟ್ಟು ನೋಡಿ, ತಲೆ ಕೆರೆದುಕೊಂಡು ಗೇಟು ತೆಗೆದ. ನಾನು ಕಾರು ಹೊರಡಿಸಿದೆ. 'ಕುಂಯ್ಯ್‌'! ಧಡ್ ಅಂತ ಗೇಟು ಮತ್ತೆ ಬಿತ್ತು.

"ಈ ಸಲ ಗ್ಯಾರಂಟಿ ಬುದ್ಧೀ, ನಾನೇ ಕೇಳ್ದೆ!"

ನನಗೆ ಈಗ ಅರ್ಥವಾಯಿತು, ಅವನು ರೈಲಿನ ಸಿಳ್ಳೆ ಅಂದುಕೊಂಡದ್ದು ನಮ್ಮ ಮಿಷನ್ನಿನ ಕೂಗನ್ನೇ. ಇಳಿದು ಹೇಳೋಣ ಅಂತ ಬಾಗಿಲಿಗೆ ಕೈ ಹಾಕಿದೆ. ಹಿಂದಿನಿಂದ ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು.

"ಸುಮ್ನಿರೋ" ಅಂದರು ಸಾಹುಕಾರರು ಪಿಸುದನಿಯಲ್ಲಿ. "ಗೇಟ್ ತೆಗೀಲಿ. ತೆಗೆದ ಕೂಡ್ಲೆ ಇನ್ನೊಂದ್ ಸಲ ಒತ್ತು."

ಒತ್ತಿದೆ. ಗೇಟು ಬಿತ್ತು. ಸಾಹುಕಾರರು ಬಾಯಿಗೆ ಶಲ್ಯ ಒತ್ತಿಕೊಂಡು ಅಲುಗಾಡುತ್ತಿದ್ದರು. ಅವರು ನಗುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ನನಗೂ ತಡೆಯಲಾಗಲಿಲ್ಲ. ಗೇಟಿನವನೂ ಪಾಪ ಒಂಟಿ ಪ್ರಾಣಿ, ಕಾಯುವವರು ಸಿಕ್ಕರಲ್ಲ ಅಂತ ಹುರಿದ ಕಡಲೆಕಾಯಿ ತಂದು ಕೊಟ್ಟ. ಕಾಣದ ರೈಲನ್ನು ಬೈಯುತ್ತ ಮೂವರೂ ತಿಂದೆವು. ನಡುನಡುವೆ ಸಾಹುಕಾರರು ಕಣ್ಸನ್ನೆ ಮಾಡುವುದು, ನಾನು ಹೋಗಿ ಒತ್ತುವುದು. ಕೊನೆಗೆ ಹೊತ್ತು ಮುಳುಗಿತು.

"ಕತ್ಲಾಯ್ತು ಬುದ್ಧೀ. ಈ ರೈಲ್ ನಂಬ್ಕೊಂಡ್ ಕೂತ್ರೆ ಆಗಾಕಿಲ್ಲ. ಊರಲ್ಲಿ ಯಾರಾದ್ರೂ ನೆಂಟ್ರಿದ್ರೆ ಉಳ್ಕಳಿ" ಅಂದ ಗೇಟಿನವನು.

"ನೀನ್ ಹೇಳ್ದಂಗೇ ಆಗ್ಲಿ ಕಣಪ್ಪ" ಅಂತ ಸಾಹುಕಾರರು ಹುಡುಗನ ಹಾಗೆ ಕಾರು ಹತ್ತಿದರು.

ಮಗಳು ದೀಪ ಹಿಡಿದು ಗಾಬರಿಯಿಂದ ಬಾಗಿಲಿಗೆ ಬಂದಳು. "ಯಾಕಪ್ಪಾಜಿ ವಾಪಸ್ ಬಂದ್ರಿ?"

"ಏನ್ ಮಾಡೋದಮ್ಮ, ರೈಲು ಅಂತ ಗೇಟ್ ಹಾಕ್ಬಿಟ್ಟ. ತೆಗೀಲೇ ಇಲ್ಲ."

"ಈ ಹೊತ್ತಲ್ಲಿ ಯಾವ ರೈಲು?"

ಸಾಹುಕಾರರು ಆಗಲೇ ಸೀಟಿನ ಕೆಳಗಿನ ಚೀಲ ಎಳೆದುಕೊಂಡು ಹೊಸ್ತಿಲು ದಾಟಿದ್ದರು. ಒಳಗಿನಿಂದಲೇ ಹೇಳಿದರು:

"ನಮ್ದೇ ಕಣಮ್ಮ!"